ಕಾಫಿ ತೋಟದ ಎಲೆಯಲ್ಲಿ ಲೂಸಿಯಾ ಕಿರೀಟ ಕಟ್ಟೋದು ಹೇಗೆ?

ಲೂಸಿಯಾ ಅಂದರೆ ಡಿಸೆಂಬರ್ 13ಕ್ಕೆ ಸ್ವೀಡನ್ನಿನಲ್ಲಿ ಮಾಡುವ ಬೆಳಕಿನ ಹಬ್ಬ; ಅವತ್ತು ಲೂಸಿಯಾ ಆದ ಹುಡುಗಿ ಬಿಳಿ ಬಟ್ಟೆ ಉಟ್ಟು, ತಲೆ ಮೇಲೆ ದೀಪದ ಕಿರೀಟ ಹೊರುತ್ತಾಳೆ. ಮೊದಲು ಕಿರೀಟ ಹೊರುವ ಮಗುವಿನ ತಲೆಯ ಸುತ್ತಳತೆ ತೆಗೆದುಕೊಳ್ಳಿ. ಅದಕ್ಕೆ ಎರಡು ಬೆರಳು ಜಾಸ್ತಿ ಸೇರಿಸಿ. ಒಳಗೆ ಬಟ್ಟೆಯ ಸಿಂಬಿ ಇಡಬೇಕು, ಅದಕ್ಕೇ ಈ ಜಾಗ. ತೋಟದ ಬೇಲಿಗೆ ತಂದು ಉಳಿದ ಜಿಐ ತಂತಿಯೇ ಸಾಕು. ಎರಡು ಸುತ್ತು ಹೊಸೆದು ಬಳೆ ಮಾಡಿ. ನೆತ್ತಿಯ ಮೇಲೆ ಅಡ್ಡಡ್ಡ ಎರಡು ತಂತಿ ಬಿಗಿದರೆ ಕಿರೀಟ ಕಣ್ಣಿಗೆ ಜಾರಲ್ಲ. ತಂತಿಯ ಚೂಪು ತುದಿಗಳನ್ನು ಹೊರಕ್ಕೆ ಮಡಚಿ.

ಕೊಡಗಿನ ಪಾಲಿಬೆಟ್ಟದ ನಮ್ಮ ಹೋಂಸ್ಟೇಗೆ ಬಂದಿದ್ದ ಸ್ವೀಡನ್ನಿನ ಅತಿಥಿಯೊಬ್ಬರು ಇದನ್ನು ಕಲಿಸಿ ಹೋದರು. ಅವರ ಭಾಷೆಯಲ್ಲಿ ಇದು ಲೂಸಿಯಾಕ್ರೂನ. ಲೂಸಿಯಾ ಇಟಲಿಯ ಸಿರಾಕ್ಯೂಸ್ ಊರಿನ ಕ್ರೈಸ್ತ ಸಂತಳು, ಕ್ರೂನ ಅಂದರೆ ಕಿರೀಟ. ಕತ್ತಲ ಸುರಂಗಗಳಲ್ಲಿ ಅಡಗಿದ್ದ ಕ್ರೈಸ್ತರಿಗೆ ಊಟ ಒಯ್ಯುವಾಗ, ಕೈ ಖಾಲಿ ಇರಲಿ ಅಂತ ತಲೆ ಮೇಲೆ ದೀಪ ಇಟ್ಟುಕೊಂಡಳಂತೆ. ಕಥೆ ಚೆಂದ. ಆದರೆ ಸ್ವೀಡನ್ನಿನ ಪದ್ಧತಿ ಅಷ್ಟು ಹಳೆಯದಲ್ಲ. ಬಿಳಿ ಬಟ್ಟೆಯ ಲೂಸಿಯಾ ಬಗ್ಗೆ ಹಳೆಯ ದಾಖಲೆ ಸಿಗುವುದು 1764ರಲ್ಲಿ, ಪಶ್ಚಿಮ ಸ್ವೀಡನ್ನಿನಲ್ಲಿ. ಎಲ್ಲ ಊರಿಗೂ ಹಬ್ಬಿದ್ದು 1920ರ ದಶಕದ ಕೊನೆಗೆ, ಸ್ಟಾಕ್‌ಹೋಮ್‌ನ ಪತ್ರಿಕೆಯೊಂದು ಲೂಸಿಯಾ ಆಯ್ಕೆಯ ಸ್ಪರ್ಧೆ ಇಟ್ಟ ಮೇಲೆ. ಡಿಸೆಂಬರ್ 13 ಯಾಕೆ ಅಂದರೆ, ಹಳೆಯ ಜೂಲಿಯನ್ ಕ್ಯಾಲೆಂಡರಿನಲ್ಲಿ ಒಂದು ಕಾಲಕ್ಕೆ ವರ್ಷದ ಅತಿ ಉದ್ದದ ರಾತ್ರಿ ಅದೇ ಹೊತ್ತಿಗೆ ಬೀಳುತ್ತಿತ್ತು.

ಎಲೆಗೆ ಬರೋಣ. ಅಲ್ಲಿ ಲಿಂಗನ್‌ಬೆರಿ ಅನ್ನೋ ಕೆಂಪು ಹಣ್ಣಿನ ಪುಟ್ಟ ಪೊದೆಯ ಸಣ್ಣ, ಹೊಳೆಯುವ ಎಲೆ ಸುತ್ತುತ್ತಾರೆ. ಇಲ್ಲಿ ಕಾಫಿ ರೆಂಬೆಯ ತುದಿಯ ಎಳೆ ಎಲೆ ಹಾಕಬಹುದು. ಬಲಿತದ್ದು ಬೇಡ, ತಲೆ ಮೇಲೆ ಬುಟ್ಟಿ ಕವುಚಿದ ಹಾಗೆ ಕಾಣುತ್ತದೆ. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ನೆರೆ, ಅಂದರೆ ಎಲೆಗಳ ಕಟ್ಟು, ಕಟ್ಟಿ ಅಭ್ಯಾಸವಿದ್ದವರಿಗೆ ಈ ಕೆಲಸ ಸಲೀಸು. ಅರೇಬಿಕಾ ಕೊಯ್ಲಿನ ಸಮಯ ಅಲ್ವಾ, ನಾಲ್ಕು ಕೆಂಪು ಹಣ್ಣಿನ ಗೊಂಚಲನ್ನೂ ಸಿಕ್ಕಿಸಿ. ಅದು ಸ್ವೀಡನ್ನಿನದ್ದಲ್ಲ, ನನ್ನದು.

ಮೇಣದಬತ್ತಿ ಮಾತ್ರ ಬ್ಯಾಟರಿಯದ್ದೇ ಇರಲಿ. ಆರು ತಗೊಂಡು ಎದುರೆದುರು ಸಮನಾಗಿ ಕಟ್ಟಿ, ಇಲ್ಲದಿದ್ದರೆ ಕಿರೀಟ ಒಂದು ಕಡೆ ವಾಲುತ್ತದೆ. ಸ್ವೀಡನ್ನಿನಲ್ಲಿ ನಿಜವಾದ ಬೆಂಕಿ ಹೊತ್ತಿಸಿದಾಗ ಕೂದಲಿಗೆ ಒದ್ದೆ ಬಟ್ಟೆ ಹಾಕಿರುತ್ತಾರೆ. ಆದರೂ ಮಕ್ಕಳಿಗೆ ಅದು ಬೇಡವೇ ಬೇಡ. ಉದ್ದ ಕೂದಲಿದ್ದರೆ ಹಿಂದೆ ಕಟ್ಟಿಬಿಡಿ.

ಉಟ್ಟುಕೊಳ್ಳಲು ಬಿಳಿ ನೈಟಿ, ಸೊಂಟಕ್ಕೆ ಕೆಂಪು ರಿಬ್ಬನ್. ಲೂಸಿಯಾ ಮುಂದೆ, ಉಳಿದವರು ಹಿಂದೆ ಸಾಲಾಗಿ. ಹಬ್ಬ ಮುಗಿದ ಕೂಡಲೇ ಬ್ಯಾಟರಿ ತೆಗೆದಿಡಿ. ನಮ್ಮ ಮಳೆಗಾಲದ ತೇವಕ್ಕೆ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ.