ಆರು ವಾರಗಳ ಲೆಕ್ಕ: ಕ್ಯಾನ್ಸರ್ ಚಿಕಿತ್ಸೆಯ ಜೋಡಣೆಯಲ್ಲಿ ನನ್ನ ಅನುಭವ

ಕುಮಟಾದ ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿಯಾಗಿರುವ ನನ್ನ ಮುಖ್ಯ ಕೆಲಸವೆಂದರೆ, ಕ್ಯಾನ್ಸರ್ ಪತ್ತೆಯಾದವರನ್ನು ಹುಬ್ಬಳ್ಳಿ, ಮಣಿಪಾಲ, ಗೋವಾದ ಬಾಂಬೋಳಿ ಅಥವಾ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ತಜ್ಞರ ಬಳಿಗೆ ಕಳುಹಿಸುವುದು ಮತ್ತು ಅಲ್ಲಿ ಆದ ತೀರ್ಮಾನವು ರೋಗಿ ಊರಿಗೆ ಮರಳಿದ ಮೇಲೂ ಜಾರಿಯಲ್ಲಿರುವಂತೆ ನೋಡಿಕೊಳ್ಳುವುದು. ನನ್ನ ಕೈಗೆ ಹೆಚ್ಚಾಗಿ ಬರುವುದು ಬಾಯಿಯ ಕ್ಯಾನ್ಸರ್. ತಂಬಾಕು ಹಾಕಿದ ಕವಳ (ಎಲೆ-ಅಡಿಕೆ) ನಮ್ಮಲ್ಲಿ ಊಟದಷ್ಟೇ ಸಹಜವಾಗಿದೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೇಳಿದೆ; ತೋಟದ ಆದಾಯದಿಂದಲೇ ಬದುಕುವ ಸೀಮೆಯಲ್ಲಿ ಇದನ್ನು ಹೇಳುವುದು ಕಷ್ಟವಾದರೂ ರೋಗಿಯ ಮನೆಯವರಿಂದ ನಾನು ಮುಚ್ಚಿಡುವುದಿಲ್ಲ.

ದೊಡ್ಡ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸಕರು, ರೇಡಿಯೇಷನ್ ತಜ್ಞರು, ಕೀಮೋ ತಜ್ಞರು, ಬಯಾಪ್ಸಿ (ಗಡ್ಡೆಯಿಂದ ತೆಗೆದ ತುಣುಕು) ಪರೀಕ್ಷಿಸುವವರು ಮತ್ತು ಸ್ಕ್ಯಾನ್ ಓದುವವರು ಒಟ್ಟಿಗೆ ಕುಳಿತು ಚರ್ಚಿಸುವ ಸಭೆಗೆ ಟ್ಯೂಮರ್ ಬೋರ್ಡ್ ಎನ್ನುತ್ತಾರೆ. ಯಾವ ಚಿಕಿತ್ಸೆ ಮೊದಲು, ಯಾವುದು ನಂತರ ಎಂಬುದು ಅಲ್ಲಿ ನಿರ್ಧಾರವಾಗುತ್ತದೆ. ಬಾಯಿಯ ಕ್ಯಾನ್ಸರಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಮೊದಲು. ಧ್ವನಿಪೆಟ್ಟಿಗೆಯ ಕ್ಯಾನ್ಸರಿನಲ್ಲಿ ಎಷ್ಟೋ ವೇಳೆ ಕೀಮೋ ಜೊತೆಗಿನ ರೇಡಿಯೇಷನ್‌ನಿಂದ ಧ್ವನಿಪೆಟ್ಟಿಗೆಯನ್ನೇ ಉಳಿಸಿಕೊಳ್ಳಬಹುದು. ಇಂಥ ತೀರ್ಮಾನಕ್ಕೆ ವರದಿಯ ಕಾಗದ ಸಾಲುವುದಿಲ್ಲ. ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿಟ್ಟ ತುಣುಕು) ಮತ್ತು ಸ್ಲೈಡುಗಳು, ಸ್ಕ್ಯಾನಿನ ಚಿತ್ರಗಳಿರುವ ಸಿ.ಡಿ., ಮೂತ್ರಪಿಂಡದ ಪರೀಕ್ಷೆ, ಹಳೆಯ ಕಾಯಿಲೆಗಳ ವಿವರ, ಜೊತೆಗೆ ಮನೆಯಲ್ಲಿ ನೋಡಿಕೊಳ್ಳುವವರು ಯಾರು ಎಂಬ ಟಿಪ್ಪಣಿ, ಇಷ್ಟನ್ನೂ ಒಂದೇ ಫೈಲಿನಲ್ಲಿಟ್ಟು ಕಳುಹಿಸುತ್ತೇನೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಆ ರೋಗಿಯ ಚರ್ಚೆ ಮುಂದಿನ ಸಭೆಗೆ ಹೋಗಬಹುದು.

ಆದರೆ ಹೆಚ್ಚಿನ ತೊಡಕು ಹುಟ್ಟುವುದು ಸಭೆಯಲ್ಲಲ್ಲ, ಒಂದು ವಿಭಾಗ ತನ್ನ ಕೆಲಸ ಮುಗಿಸಿ ಇನ್ನೊಂದು ಆರಂಭಿಸುವ ನಡುವಿನ ದಿನಗಳಲ್ಲಿ. ಬಾಯಿಯ ಶಸ್ತ್ರಚಿಕಿತ್ಸೆಯಾದ ಮೇಲೆ ರೇಡಿಯೇಷನ್ ಬೇಕಿದ್ದರೆ ಅದು ಆರು ವಾರಗಳೊಳಗೆ ಆರಂಭವಾಗಬೇಕು. ಅಷ್ಟರಲ್ಲಿ ಗಾಯ ಮಾಯಬೇಕು, ತೆಗೆದ ಗಡ್ಡೆಯ ವರದಿ ಬರಬೇಕು. ಗಡ್ಡೆಯ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ ಅಥವಾ ಕುತ್ತಿಗೆಯ ಗಂಟಿನ (ದುಗ್ಧಗ್ರಂಥಿಯ) ಹೊದಿಕೆ ದಾಟಿ ಹರಡಿದ್ದರೆ ರೇಡಿಯೇಷನ್ ಜೊತೆ ಸಾಮಾನ್ಯವಾಗಿ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಕೊಡುತ್ತಾರೆ. ಅದಕ್ಕೆ ಮೊದಲು ಮೂತ್ರಪಿಂಡ ಮತ್ತು ಕಿವಿಯ ಪರೀಕ್ಷೆ ಆಗಬೇಕು. ಅವನ್ನು ನಾವು ಇಲ್ಲೇ ಮಾಡಿಸಿಬಿಡುತ್ತೇವೆ. ಹಲ್ಲಿನ ವಿಷಯವನ್ನು ನಾನು ಎಲ್ಲಕ್ಕಿಂತ ಮೊದಲು ಎತ್ತುತ್ತೇನೆ. ರೇಡಿಯೇಷನ್ ಆದ ದವಡೆಯಿಂದ ಹಲ್ಲು ಕಿತ್ತರೆ ಮೂಳೆ ಸಾಯುವ ಅಪಾಯವಿರುವುದರಿಂದ ಹುಳುಕು ಹಲ್ಲುಗಳನ್ನು ಮೊದಲೇ ತೆಗೆಸಿ, ಮಾಯಲು ಎರಡು ಮೂರು ವಾರ ಬಿಡಬೇಕು. ಆದ್ದರಿಂದ ಶಸ್ತ್ರಚಿಕಿತ್ಸೆಯ ಅರಿವಳಿಕೆಯಲ್ಲೇ ಅವನ್ನು ತೆಗೆಯಲು ಸಾಧ್ಯವೇ ಎಂದು ದಂತವೈದ್ಯರು ಮತ್ತು ಶಸ್ತ್ರಚಿಕಿತ್ಸಕರು ಮಾತಾಡಿಕೊಳ್ಳುವಂತೆ ಫೈಲಿನ ಮೇಲೆಯೇ ಬರೆದು ಕಳುಹಿಸುತ್ತೇನೆ.

ತದಡಿಯ ಮೀನುಗಾರರೊಬ್ಬರಿಗೆ ಜುಲೈನಲ್ಲಿ ಶಸ್ತ್ರಚಿಕಿತ್ಸೆಯಾಗಿ, ರೇಡಿಯೇಷನ್ ಬಾಕಿಯಿತ್ತು. ಮಳೆಗಾಲದ ನಿಷೇಧ ಮುಗಿದು ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿಯುವ ಹೊತ್ತಿಗೆ ಅವರು ಬಂದು, “ಸಿಸ್ಟರ್, ಗಾಯ ಒಣಗಿತಲ್ಲ, ಈ ಸೀಜನ್ ಮುಗಿಸಿ ಹೋಗ್ತೆ” ಎಂದರು. ಹೊರಗೆ ಗಾಯ ಒಣಗಿದ್ದರೂ ಒಳಗೆ ಕಣ್ಣಿಗೆ ಕಾಣದ ಕಣಗಳು ಉಳಿದಿರಬಹುದು ಎಂಬುದನ್ನು ಅವರ ಹೆಂಡತಿ ಮತ್ತು ತಮ್ಮನನ್ನು ಕೂರಿಸಿಕೊಂಡು ವಿವರಿಸಬೇಕಾಯಿತು. ತಮ್ಮನು ಬೋಟಿನ ಕೆಲಸ ವಹಿಸಿಕೊಂಡ ಮೇಲೆಯೇ ಅವರು ಹೊರಟರು. ಇಂಥ ಮಾತುಕತೆಯೂ ಚಿಕಿತ್ಸೆಯ ಜೋಡಣೆಯ ಭಾಗವೆಂದೇ ನಾನು ನಂಬಿದ್ದೇನೆ.

ರೇಡಿಯೇಷನ್ ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ ನಡೆಯುತ್ತದೆ, ನಡುವೆ ತಪ್ಪಿದರೆ ಫಲ ಕುಂದುತ್ತದೆ. ದೇವಿಮನೆ, ಅರಬೈಲು ಘಟ್ಟಗಳಲ್ಲಿ ಮಳೆಗೆ ಮಣ್ಣು ಜರಿಯುತ್ತದೆ. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತ್ತು. ಹೀಗಾಗಿ ಮಳೆಗಾಲದಲ್ಲಿ ಊರಿನಿಂದ ಓಡಾಡುವ ಯೋಚನೆಯನ್ನೇ ಬಿಡಿಸಿ, ಆಸ್ಪತ್ರೆಯ ಹತ್ತಿರ ವಾಸದ ವ್ಯವಸ್ಥೆ ಮಾಡಿಸುತ್ತೇನೆ. ಚಿಕಿತ್ಸೆಗಾಗಿ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ, ಜೊತೆಗಿರುವವರಿಗೆ ಶೇ. 75 ರಿಯಾಯಿತಿ ಇದೆ. ಅದರ ಪ್ರಮಾಣಪತ್ರವನ್ನು ಮೊದಲ ಭೇಟಿಯಲ್ಲೇ ಕೇಳಿ ಪಡೆಯಲು ಹೇಳುತ್ತೇನೆ.

ಈ ವಾರಗಳಲ್ಲಿ ಬಾಯಿ ಹುಣ್ಣಾಗಿ ಊಟ ಸೇರುವುದಿಲ್ಲ. ತೂಕ ಬಹಳ ಇಳಿದರೆ ರೇಡಿಯೇಷನ್ ವೇಳೆ ತಲೆ ಅಲುಗದಂತೆ ಮುಖಕ್ಕೆ ಅಳತೆಯಿಂದ ಮಾಡಿದ ಮಾಸ್ಕ್ ಸಡಿಲವಾಗಿ, ರೇಡಿಯೇಷನ್ ಯೋಜನೆಯನ್ನೇ ಮತ್ತೆ ಮಾಡಬೇಕಾಗಬಹುದು. ಆದ್ದರಿಂದ ಪ್ರತಿ ವಾರ ಫೋನ್ ಮಾಡಿ ತೂಕ ಕೇಳುತ್ತೇನೆ, ಇಳಿಯುತ್ತಿದ್ದರೆ ಮೂಗಿನ ಮೂಲಕ ಆಹಾರ ಕೊಡುವ ನಳಿಕೆಯ ಬಗ್ಗೆ ಅಲ್ಲಿನ ಆಹಾರ ತಜ್ಞರೊಡನೆ ಮಾತಾಡುತ್ತೇನೆ.

ಕೀಮೋ ಪಡೆದು ಊರಿಗೆ ಬಂದವರ ಫೈಲಿನ ಮೊದಲ ಪುಟದಲ್ಲಿ ಈಗ ಕನ್ನಡದ ಒಂದು ಚೀಟಿ ಇರುತ್ತದೆ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿ ಬೆಳಗಿನವರೆಗೆ ಕಾಯದೆ ತಕ್ಷಣ ಹತ್ತಿರದ ಆಸ್ಪತ್ರೆಗೆ ಬರಬೇಕೆಂದು, ರಾತ್ರಿಯಾದರೂ ಅಲ್ಲಿನ ವೈದ್ಯರು ಕರೆಯಬೇಕಾದ ತಜ್ಞರ ದೂರವಾಣಿ ಸಂಖ್ಯೆ ಯಾವುದೆಂದು ಅದರಲ್ಲಿ ಬರೆದಿರುತ್ತದೆ. ನಾವು ರೋಗಿಗಳನ್ನು ಕಳುಹಿಸುವ ಒಂದು ತಂಡ ಈ ಚೀಟಿಯನ್ನು ಒಪ್ಪಿಕೊಂಡು, ನಮ್ಮ ರೋಗಿಗಳ ಚರ್ಚೆಯಿರುವ ದಿನ ನಮ್ಮ ವೈದ್ಯರನ್ನೂ ನನ್ನನ್ನೂ ವೀಡಿಯೊ ಕರೆಯಲ್ಲಿ ಸಭೆಗೆ ಸೇರಿಸಿಕೊಳ್ಳುತ್ತಿದೆ. ಉಳಿದ ತಂಡಗಳಿಗೂ ಇದನ್ನೇ ಕೇಳಿ ಪತ್ರ ಬರೆದಿದ್ದೇವೆ.