ಸುತ್ತಿಟ್ಟ ವೈರ್‌ಗೆ ನೀರು ಕಾಯಿಸುವ ರಾಡ್ ಹಾಕಬೇಡಿ

ಎಕ್ಸ್‌ಟೆನ್ಷನ್ ಬಾಕ್ಸಿನ ವೈರ್ ಉದ್ದ ಜಾಸ್ತಿ ಅಂತ ಸುರುಳಿ ಸುತ್ತಿ, ಅದಕ್ಕೇ ರಾಡ್ ಹಾಕುತ್ತೀರಾ? ದಯವಿಟ್ಟು ಬೇಡ. ನಮ್ಮ ಮನೆಯಲ್ಲಿ ಒಮ್ಮೆ ಸುಟ್ಟ ವಾಸನೆ ಬಂದ ಮೇಲೇ ಇದು ಗೊತ್ತಾಗಿದ್ದು.

1500 ವ್ಯಾಟ್‌ನ ರಾಡ್ 230 ವೋಲ್ಟ್‌ನಲ್ಲಿ ಸುಮಾರು 6.5 ಆಂಪಿಯರ್ ಕರೆಂಟ್ ಎಳೆಯುತ್ತದೆ. ತಾಮ್ರದೊಳಗೆ ಎಲೆಕ್ಟ್ರಾನುಗಳು ಡಿಕ್ಕಿ ಹೊಡೆಯುತ್ತಲೇ ಸಾಗುತ್ತವೆ, ವೈರ್ ಬಿಸಿಯಾಗುವುದು ಅದರಿಂದಲೇ. ಕರೆಂಟ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು! ವೈರ್ ತೆಳುವಾಗಿದ್ದರೆ ಇನ್ನೂ ಜಾಸ್ತಿ. ಬಿಡಿಸಿಟ್ಟ ವೈರಿನ ಬಿಸಿ ಗಾಳಿಗೆ ಹೋಗುತ್ತದೆ. ಸುರುಳಿಯಲ್ಲಿ ಅದು ಒಳಗೇ ಉಳಿದು, ಮೇಲಿನ ಪಿವಿಸಿ ಪ್ಲಾಸ್ಟಿಕ್ ಹೊದಿಕೆ ಕರಗಬಹುದು.

ರಾಡ್, ಗೀಸರ್‌ಗೆಲ್ಲ ಗೋಡೆಯ 16 ಆಂಪಿಯರ್ ಸಾಕೆಟ್ಟೇ ಸರಿ. ಬಳಸಿದ ಮೇಲೆ ಸ್ವಿಚ್ ಆಫ್ ಮಾಡಿ ಪ್ಲಗ್ ಮುಟ್ಟಿ ನೋಡಿ. ತುಂಬಾ ಬಿಸಿ ಇದ್ದರೆ ಸುಮ್ನೆ ಬಿಡಬೇಡಿ, ಎಲೆಕ್ಟ್ರಿಷಿಯನ್‌ಗೆ ತೋರಿಸಿ.