ಒಂದೇ ಸರ್ವರ್, ಹತ್ತಾರು ಲಾಗಿನ್: ಮುಕ್ತ ತಂತ್ರಾಂಶ ಎಲ್ಲಿ ಹಾಕಬೇಕು

ಮಡಿಕೇರಿಯ ನಮ್ಮ ಲ್ಯಾಬ್‌ನಲ್ಲಿ ಎಲ್ಲರೂ ಲಾಗಿನ್ ಆಗುವುದು ಒಂದೇ ಡೆಬಿಯನ್ (ಒಂದು ಬಗೆಯ ಲಿನಕ್ಸ್) ಸರ್ವರ್‌ಗೆ. ಸೋರ್ಸ್‌ನಿಂದ, ಅಂದರೆ ಮೂಲ ಕೋಡ್‌ನಿಂದ ಕಟ್ಟಿದ ತಂತ್ರಾಂಶವೆಲ್ಲ /ಯುಎಸ್‌ಆರ್/ಲೋಕಲ್ ಎಂಬ ಎಲ್ಲರ ಫೋಲ್ಡರ್ ಒಳಗೆ ಬೆರೆತುಹೋಗಿತ್ತು. ಹೊಸ ಆವೃತ್ತಿ ಹಾಕಿದರೂ ಹಳೆಯ ಲೈಬ್ರರಿಯೇ (ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ಲೋಡ್ ಆಗುತ್ತಿತ್ತು. ಯಾವ ಫೈಲ್ ಯಾವುದರದೆಂದು ತಿಳಿಯುತ್ತಿರಲಿಲ್ಲ.

ತೆಗೆದುಹಾಕುವ ಆಜ್ಞೆ 'ಮೇಕ್ ಅನ್‌ಇನ್‌ಸ್ಟಾಲ್' ಆಗಲಿಲ್ಲ, ಏಕೆಂದರೆ ಹಳೆಯ ಸೋರ್ಸ್ ಫೋಲ್ಡರ್‌ಗಳನ್ನು ಅಳಿಸಿಯಾಗಿತ್ತು. ಒಬ್ಬೊಬ್ಬರ ಹೋಮ್ ಫೋಲ್ಡರ್‌ನಲ್ಲಿ ಹಾಕಿದರೆ ಡಿಸ್ಕ್ ತುಂಬಿತು. ಪಾತ್ (ಆಜ್ಞೆಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಕ್ರಮ ಬದಲಿಸಿದರೆ ಆಜ್ಞೆ ಸರಿಹೋಯಿತು, ಲೈಬ್ರರಿ ಅಲ್ಲ.

ಕೆಲಸ ಮಾಡಿದ್ದು ಗ್ನೂ ಸ್ಟೋ. ಪ್ರತಿ ಪ್ಯಾಕೇಜನ್ನು ಅದರದೇ ಫೋಲ್ಡರ್‌ನಲ್ಲಿಟ್ಟು, /ಯುಎಸ್‌ಆರ್/ಲೋಕಲ್‌ನಿಂದ ಅದಕ್ಕೆ ಕೊಂಡಿ (ಸಿಮ್‌ಲಿಂಕ್) ಹಾಕುವ ಉಪಕರಣ ಇದು. ಮೊದಲು ಹಳೆಯ ಫೈಲ್‌ಗಳನ್ನು ಬೇರೆಡೆ ಸರಿಸಿ. ಅದೇ ಹೆಸರಿನ ಫೈಲ್ ಇದ್ದರೆ ಸ್ಟೋ ಅದರ ಮೇಲೆ ಬರೆಯದೆ ಕಾನ್‌ಫ್ಲಿಕ್ಟ್ ಎಂದು ನಿಲ್ಲುತ್ತದೆ. ರೂಟ್ (ನಿರ್ವಾಹಕ) ಖಾತೆಯಲ್ಲಿ ಯುಮಾಸ್ಕ್, ಅಂದರೆ ಹೊಸ ಫೈಲ್‌ಗಳ ಅನುಮತಿ ನಿರ್ಧರಿಸುವ ಸಂಖ್ಯೆ, 022 ಇರಲಿ. 077 ಇದ್ದರೆ ಉಳಿದವರಿಗೆ 'ಪರ್ಮಿಷನ್ ಡಿನೈಡ್' ಬರುತ್ತದೆ. ಸೋರ್ಸ್ ಜೊತೆ ಬರುವ ಕಾನ್ಫಿಗರ್‌ನಲ್ಲಿ ಪ್ರಿಫಿಕ್ಸ್ (ಇನ್‌ಸ್ಟಾಲ್ ಆಗುವ ಜಾಗ) /ಯುಎಸ್‌ಆರ್/ಲೋಕಲ್/ಸ್ಟೋ/ಹೆಸರು-ಆವೃತ್ತಿ ಎಂದು ಕೊಟ್ಟು, ಮೇಕ್, ನಂತರ ಮೇಕ್ ಇನ್‌ಸ್ಟಾಲ್. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗುವುದು ಮಾಮೂಲು. ಇನ್‌ಸ್ಟಾಲ್ ಅರ್ಧಕ್ಕೆ ನಿಂತರೂ ಆ ಒಂದು ಫೋಲ್ಡರ್ ಅಳಿಸಿದರೆ ಸಾಕು.

ಈಗ /ಯುಎಸ್‌ಆರ್/ಲೋಕಲ್/ಸ್ಟೋ ಒಳಗೆ ನಿಂತು 'ಸ್ಟೋ -ಎನ್ -ವಿ --ನೋ-ಫೋಲ್ಡಿಂಗ್ ಹೆಸರು-ಆವೃತ್ತಿ' ಕೊಡಿ. ಇದು ಬರೀ ಪರೀಕ್ಷೆ. ತಕರಾರಿಲ್ಲದಿದ್ದರೆ -ಎನ್ ತೆಗೆದು ಮತ್ತೆ ಕೊಡಿ. ನೋ-ಫೋಲ್ಡಿಂಗ್ ಬಿಡಬೇಡಿ. ಬಿಟ್ಟರೆ ಇಡೀ 'ಲಿಬ್' ಫೋಲ್ಡರೇ ಒಂದು ಪ್ಯಾಕೇಜಿಗೆ ಕೊಂಡಿಯಾಗಬಹುದು. ಆಮೇಲೆ ಯಾರಾದರೂ ನೇರವಾಗಿ ಇನ್‌ಸ್ಟಾಲ್ ಮಾಡಿದರೆ ಅವರ ಫೈಲ್‌ಗಳು ಆ ಪ್ಯಾಕೇಜಿನೊಳಗೇ ಬೀಳುತ್ತವೆ. 'ಶೇರ್/ಇನ್ಫೋ/ಡಿರ್' (ಇನ್ಫೋ ಕೈಪಿಡಿಗಳ ಪಟ್ಟಿ) ತಕರಾರು ಬಂದರೆ ಪ್ಯಾಕೇಜಿನೊಳಗಿನ ಆ ಫೈಲ್ ಅಳಿಸಿ.

ಕೊನೆಗೆ ಎಲ್‌ಡಿಕಾನ್ಫಿಗ್. ಇದು ಲೈಬ್ರರಿಗಳ ಪಟ್ಟಿಯನ್ನು ಹೊಸದು ಮಾಡುವ ಆಜ್ಞೆ. ಆವೃತ್ತಿ ಬದಲಿಸಲು ಹಳೆಯದಕ್ಕೆ 'ಸ್ಟೋ -ಡಿ' (ದೊಡ್ಡಕ್ಷರ), ಹೊಸದಕ್ಕೆ ಮೇಲಿನ ಆಜ್ಞೆ, ಮತ್ತೆ ಎಲ್‌ಡಿಕಾನ್ಫಿಗ್.